ಭಾವನ ಕೆಮ್ಮು, ಕೆರೆಯ ಜಿಂಕೆ

ಉಳ್ಳಾಗಡ್ಡಿ ಹೆಚ್ಚಿದ ಈಳಿಗೆಯನ್ನು ತೊಳೆಯದೆ ಮುಟ್ಟದ ನಮ್ಮ ಭಾವ ಜರ್ಮನಿಯಲ್ಲಿ ಜಿಂಕೆ ಬೇಟೆಗೆ ಹೋಗುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಕಟ್ಟಿಕೊಂಡ ನಮ್ಮಕ್ಕನೇ ಮೊದಲು ನಂಬಿರಲಿಲ್ಲ, ನಿಮ್ಮದೇನು ಬಿಡಿ!

ಅದು ಜರ್ಮನಿಯವರೂ ನಮ್ಮ ಕಂಪ್ಯೂಟರ್ ಮಂದಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸುತ್ತಿದ್ದ ಕಾಲ. ಧಾರವಾಡದಿಂದ ಭಾವ, ಅಕ್ಕ, ಅವರ ಬೆನ್ನಿಗೇ ನಾನು ರೇಗನ್ಸ್‌ಬರ್ಗ್ ಸೇರಿದ್ದೆವು. ಹೊರಡುವಾಗ ಭಾವನ ಅಪ್ಪ ಮನೆಯಲ್ಲಿದ್ದ ಒಂದೇ ಒಂದು ಗಂಗಾಜಲದ ಗಿಂಡಿಯನ್ನು, ಬೆಸುಗೆ ಸಮೇತ, ಸೂಟ್‌ಕೇಸಿಗೆ ತುರುಕಿದ್ದರು.

"ಪರದೇಶ. ಹೆಚ್ಚು ಕಡಿಮಿ ಆದ್ರ ಬಾಯಾಗ ಬಿಡ್ಲಿಕ್ಕೆ ಬೇಕಾಗ್ತದ."

ಮಗನನ್ನು ಹೀಗೆ ಹರಸಿ ಕಳಿಸಿದ ತಂದೆ ಇನ್ನೊಬ್ಬರಿರಲಿಕ್ಕಿಲ್ಲ. ಆದರೆ ಮುಂದಿನ ಚಳಿಗಾಲದಲ್ಲಿ ಹೋದವರು ಅವರೇ. ಭಾವ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗಾಲಕ್ಕೆ ಅಪ್ಪನ ಬಾಯಿಗೆ ಬಿದ್ದದ್ದು ನಳದ ನೀರು. ಗಿಂಡಿ ರೇಗನ್ಸ್‌ಬರ್ಗಿನಲ್ಲೇ ಉಳಿದಿತ್ತು.

ಇನ್ನು ಬೇಟೆ; ಅದು ಆ ಚಳಿಗಾಲ ಕಳೆದ ಮೇಲಿನ ಮಾತು. ನಮ್ಮ ಮನೆ ಮಾಲೀಕ ಮುದುಕ ಬೇಟೆಗಾರ. ಲೈಸೆನ್ಸ್ ಇತ್ತು, ಕಣ್ಣು ಮಾತ್ರ ಮಸಕು. ಮೇ ತಿಂಗಳಲ್ಲಿ ಹಂಗಾಮು ಶುರುವಾದೊಡನೆ ಕಾಡಿನ ಕೆರೆ ದಂಡೆಯ ಮಚಾನು ಹತ್ತಿ, ಸಂಜೆ ನೀರಿಗೆ ಬರುವ ಗಂಡು ಜಿಂಕೆಗೆ ಕಾಯುತ್ತಿದ್ದ. ಬಂದದ್ದನ್ನು ತೋರಿಸಲು ಭಾವ ಬೇಕು. ಇಲ್ಲ ಅನ್ನಲು ಬಾರದ ಭಾವ ಹೋದರು, ಕೋಟಿನ ಕಿಸೆಯಲ್ಲಿ ಗಿಂಡಿ ಇಟ್ಟುಕೊಂಡು.

"ಕಣ್ಣು ಕಾಣದವನ ಕೈಯಾಗ ಬಂದೂಕ. ನನ್ನs ಜಿಂಕಿ ಅಂತ ತಿಳಕೊಂಡ್ರ?"

ಹೋಗಿ ಮಾಡುತ್ತಿದ್ದುದೇನು? ಜಿಂಕೆ ನೀರಿಗೆ ಬಾಯಿಟ್ಟೊಡನೆ ಕೆಮ್ಮುವುದು. ಜಿಂಕೆ ಪರಾರಿ. ಮುದುಕ ಪಾಪ, ಜೇನುತುಪ್ಪ ತಂದುಕೊಟ್ಟ, ಡಾಕ್ಟರ ವಿಳಾಸ ಕೊಟ್ಟ.

"ಮನ್ಯಾಗ ಒಮ್ಮೆನೂ ಕೆಮ್ಮೂದಿಲ್ಲಲ್ರೀ ನೀವು" ಎಂದು ಅಕ್ಕ ನಗುತ್ತಿದ್ದಳು.

ಒಂದು ಸಂಜೆ ತಮಾಷೆ ನೋಡಲು ನಾನೂ ಹೋದೆ. ಕೆರೆಯ ಮೇಲೆ ಮಂಜು ಕೂತಿತ್ತು. ಕೂಗುತ್ತಿದ್ದ ಹಕ್ಕಿಗಳು ಒಮ್ಮೆಲೇ ಬಾಯಿ ಮುಚ್ಚಿದವು. ಆಮೇಲೆ ನೀರು ಕುಡಿಯುವ ಸಪ್ಪಳ. ಗುಟುಕು, ಬಿಡುವು, ಗುಟುಕು. ಕುಡಿಯುವವರು ಮಾತ್ರ ಕಾಣಲಿಲ್ಲ. ನನ್ನ ಮೈ ಜುಮ್ಮೆಂದಿತು.

"ಭಾವಾ, ಕೆಮ್ಮರಿ" ಎಂದು ಪಿಸುಗುಟ್ಟಿದೆ.

"ಸುಮ್ಮನಿರೋ. ಅಪ್ಪಾರು ಹಿಂಗ ಕುಡೀತಿದ್ರು."

ಮಂಜು ಸರಿಯಿತು. ಜಿಂಕೆ ಮುದುಕನಿಗೂ ಕಂಡಿತು. ಗುಂಡು ಹಾರಿತು.

ಕೆಳಗಿಳಿದೆವು. ಮುದುಕ ಟೋಪಿ ತೆಗೆದು, ಎಳೆ ರೆಂಬೆಯೊಂದನ್ನು ಮುರಿದು ಸತ್ತ ಜಿಂಕೆಯ ಬಾಯಲ್ಲಿಟ್ಟ. ಕೊನೆಯ ತುತ್ತಂತೆ, ಅಲ್ಲಿನ ಬೇಟೆಗಾರರ ಪದ್ಧತಿ. ಭಾವ ಅದನ್ನೇ ನೋಡುತ್ತ ನಿಂತರು. ಆಮೇಲೆ ಮುದುಕನ ಚಾಕು ಇಸಿದುಕೊಂಡು ಗಿಂಡಿಯ ಬೆಸುಗೆ ಬಿಡಿಸಿದರು. ಆ ಎಲೆಗಳ ಮೇಲೆ ಗಂಗೆಯನ್ನು ಬಿಟ್ಟರು, ಕೊನೆಯ ಹನಿಯವರೆಗೂ. ನನಗೆ ಅಳು ಬಂತು.

ಆಗ ಬೆನ್ನ ಹಿಂದೆ, ಮಂಜಿನೊಳಗೆ, ಮತ್ತೆ ಅದೇ ಸಪ್ಪಳ. ಗುಟುಕು, ಬಿಡುವು, ಗುಟುಕು. ಮುದುಕ ಬಂದೂಕು ಎತ್ತಿದ. ಭಾವ ಅದನ್ನು ಮೆಲ್ಲಗೆ ಕೆಳಗಿಳಿಸಿದರು. ಅತ್ತ ತಿರುಗಿ ನೋಡದೆಯೇ ಅಂದರು:

"ಸಾವಕಾಶ ಕುಡೀರಿ, ಅಪ್ಪಾ."