ಡ್ರಮ್ಮು ಬೀಳಲಿಲ್ಲ!

ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಒಂದು ಬೀಡಾಡಿ ಹೋರಿ ಇದೆ. ನಮ್ಮ ಗೇಟಿನ ಮುಂದಿನ ಕಸದ ಡ್ರಮ್ಮನ್ನು ದಿನಾ ಬೆಳಿಗ್ಗೆ ಉರುಳಿಸಿ, ಬಾಳೆಸಿಪ್ಪೆ ತಿಂದು, ಮಿಕ್ಕಿದ್ದನ್ನು ಎದುರುಮನೆಯ ರಜಾಕ್ ಅವರ ಬಾಗಿಲಿಗೆ ಹರಡಿ ಹೋಗುವುದು ಅದರ ನಿತ್ಯವ್ರತ. ವೆಲ್ಡಿಂಗ್ ಅಂಗಡಿಯ ರಜಾಕ್ ಸಂಭಾವಿತರು. ಇಷ್ಟು ದಿನ ಸುಮ್ಮನೆ ಗುಡಿಸಿಕೊಂಡಿದ್ದರು. ಒಂದು ದಿನ ಮಾತ್ರ ಬಂದು ಕೈಮುಗಿದರು.

"ಸರ್, ಐತವಾರ ಮಗಳನ್ನ ನೋಡಾಕ ಗಂಡಿನ ಕಡೆಯವ್ರು ಬರ್ತಾರ್ರಿ. ಅವತ್ತೊಂದಿನ ಡ್ರಮ್ ಬೀಳದಂಗ ನೋಡ್ಕೊಳ್ರಿ."

"ಅದೇನು ದೊಡ್ಡ ಮಾತು ಬಿಡ್ರಿ!" ಎಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗುರುತ್ವ ಕೇಂದ್ರದ ಪಾಠ ಮಾಡಿದವನು ನಾನು. ಒಂದು ಡ್ರಮ್ಮು ಯಾವ ಲೆಕ್ಕ!

ಮೊದಲು ಡ್ರಮ್ಮಿನ ತಳಕ್ಕೆ ಎರಡು ದಪ್ಪ ಕಲ್ಲು ಹಾಕಿದೆ. ಹೋರಿ ಸೋತಿತು. ಆದರೆ ಕಸದ ಗಾಡಿಯ ಹನುಮಕ್ಕ ಡ್ರಮ್ಮು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಳು.

"ಮೇಷ್ಟ್ರ, ಇದು ಕಸಾನೋ, ಕಲ್ಲಿನ ಗಣೀನೋ? ತಗೀರಿ ಮೊದ್ಲು!"

ತೆಗೆದೆ. ಮರುದಿನ ನೈಲಾನ್ ಹಗ್ಗದಿಂದ ಡ್ರಮ್ಮನ್ನು ಗೇಟಿಗೆ ಬಿಗಿದೆ. ಹೋರಿಯ ಕೊಂಬು ಹಗ್ಗಕ್ಕೆ ಸಿಕ್ಕಿತು. ಅದು ಗಾಬರಿಯಾಗಿ ಓಡಿತು. ಹಿಂದೆ ಡ್ರಮ್ಮು ಓಡಿತು. ಅದರ ಹಿಂದೆ ನಮ್ಮ ಗೇಟೂ ಓಡಿತು!

ರಜಾಕ್ ಬಂದು ಗೇಟು ಬೆಸೆದುಕೊಟ್ಟರು. "ಡ್ರಮ್ಮಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡ್ಲೇನ್ರಿ?"

"ಬ್ಯಾಡ. ನನ್ನ ಹತ್ರ ಯೋಜನೆ ಐತಿ."

ಒಳಗಿನಿಂದ ನನ್ನ ಹೆಂಡತಿ ಶಾಂತಾ ಕೂಗಿದಳು: "ಒಲ್ಲೆ ಅನಬ್ಯಾಡ್ರಿ! ನಿಮ್ಮ ಯೋಜನೀಗೆ ಇನ್ನ ಮನಿ ಒಂದು ಉಳದೈತಿ!"

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಗುಂಡಿ ತೋಡಿದೆ, ಡ್ರಮ್ಮನ್ನು ಇಳಿಸಿದೆ, ಸುತ್ತ ಜಲ್ಲಿ ಸಿಮೆಂಟು ಸುರಿದೆ. ಅದು ಗಟ್ಟಿಯಾಗುವವರೆಗೆ ಎರಡು ಹಗಲು ಕೊಡೆ ಹಿಡಿದು, ಹೋರಿ ಹತ್ತಿರ ಬಾರದಂತೆ ಕಾದೆ.

ಐತವಾರ ಬಂತು. ಗಂಡಿನ ಕಡೆಯವರು ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಹೋರಿಯೂ ಬಂತು. ರಜಾಕ್ ಮುಖ ಬಿಳಿಚಿತು. ಹೋರಿ ಒಮ್ಮೆ ಗುದ್ದಿತು. ಡ್ರಮ್ಮು ಮಿಸುಕಲಿಲ್ಲ. ಇನ್ನೊಮ್ಮೆ ಗುದ್ದಿತು. ಊಹೂಂ! ಕೊನೆಗೆ ಅದು ತಲೆ ಕೊಡವಿ ಪಕ್ಕದ ಓಣಿಗೆ ನಡೆಯಿತು. ನೆಂಟಸ್ತಿಕೆ ಕುದುರಿತು. ರಜಾಕ್ ಸಿಹಿ ತಂದು ನನ್ನ ಬಾಯಿಗೇ ಇಟ್ಟರು.

"ಮರ್ಯಾದಿ ಉಳಿಸಿದ್ರಿ ಸರ್!"

ಓಣಿಯವರೆಲ್ಲ ಬಂದು ಡ್ರಮ್ಮನ್ನು ಅಲ್ಲಾಡಿಸಿ ನೋಡಿ, ಸೋತು, ನನ್ನನ್ನು ಹೊಗಳಿದರು. ಶಾಂತಾ ಕೂಡ ಕೇಳದೆಯೇ ಎರಡನೇ ಚಹಾ ಕೊಟ್ಟಳು!

ಮೂರು ದಿನ ಕೆಟ್ಟು ನಿಂತಿದ್ದ ಕಸದ ಗಾಡಿಯೊಂದಿಗೆ ಸೋಮವಾರ ಹನುಮಕ್ಕ ಬಂದಳು. ಎತ್ತಿದಳು. ಬರಲಿಲ್ಲ. ಗಾಡಿಯ ಡ್ರೈವರನ್ನೂ ಕರೆದಳು. ಇಬ್ಬರೂ ಎತ್ತಿದರು. ಬರಲಿಲ್ಲ. ಸಿಮೆಂಟು ನೋಡಿದಳು, ನನ್ನನ್ನು ನೋಡಿದಳು.

"ಇದನ್ನ ಗಾಡಿಗೆ ಸುರಿಯೋದು ಹೆಂಗ್ರಿ ಮೇಷ್ಟ್ರ?"

ಆ ಪ್ರಶ್ನೆ ನನ್ನ ಪಾಠದಲ್ಲಿ ಇರಲಿಲ್ಲ.

"ನೆಟ್ಟೋರು ನೀವು. ನೀವ ತಗದು ಕೊಡ್ರಿ," ಎಂದು ಬುಟ್ಟಿ ಮುಂದಿಟ್ಟಳು.

ಅಂದಿನಿಂದ ಡ್ರಮ್ಮು ನೆಟ್ಟಗೇ ನಿಂತಿದೆ. ದಿನಾ ಬೆಳಿಗ್ಗೆ ಅದರೊಳಗೆ ತಲೆಕೆಳಗಾಗುವವನು ನಾನು!