ದೊಡ್ಡಯ್ಯನ ಹೆಬ್ಬೆರಳೂ ಟೀಚರ್ ಕಾರಿನ ಚಕ್ರವೂ

ತೇನಿಯಲ್ಲಿ ಟೈರ್ ಅಂಗಡಿ ಇಟ್ಟವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಗಾಳಿ ತುಂಬಿಸೋಕೆ ಬಂದವರೇ ಒಂದೊಂದು ಕಥೆ ಇಳಿಸಿ ಹೋಗುತ್ತಾರೆ. ಆದರೆ ಒಂದೇ ಕಾರು, ಒಂದೇ ಜೊತೆ ಅಣ್ಣತಂಗಿ, ಮೇಲಿಂದ ಮೇಲೆ ನನ್ನನ್ನು ಪೆದ್ದನನ್ನಾಗಿ ಮಾಡಿ ನಿಲ್ಲಿಸಿದ್ದು ಹೋದ ವರ್ಷ ಮಾತ್ರ. ಆ ಬೆರಗು ಇನ್ನೂ ಇಳಿದಿಲ್ಲ.

ಉತ್ತರ ಮೊದಲು

ನನಗೆ ಹತ್ತನೇ ಕ್ಲಾಸಿನಲ್ಲಿ ಗಣಿತ ಹೇಳಿಕೊಟ್ಟ ಟೀಚರ್ ಒಂದು ಬೆಳಿಗ್ಗೆ ಅಂಗಡಿ ಮುಂದೆ ಬಂದು ನಿಂತರು. ರಿಟೈರ್ ಆದವರು ಕಾಶಿಗೆ ಹೋಗುತ್ತಾರೆ, ಇಲ್ಲ ಪಳನಿಗೆ ಹೋಗುತ್ತಾರೆ. ಇವರು ಹೋಗಿ ಎರಡೇ ಸೀಟಿನ ಒಂದು ಹಳೇ ಸ್ಪೋರ್ಟ್ಸ್ ಕಾರು ತಂದಿದ್ದರು. ಕೆಂಪು ಬಣ್ಣ, ನನ್ನ ಸೊಂಟದೆತ್ತರ. ಚಕ್ರಗಳು ಮಾತ್ರ ಬಿರುಕು ಬಿಟ್ಟಿದ್ದವು.

ನಾನು ಜಾಕಿ ತರಲು ಹೊರಟೆ. "ಜಾಕಿ ಯಾಕೆ ತಂಬಿ? ಪೂರಾ ಕಾರೇ ಏಳ್ನೂರು ಕಿಲೋ ಇಲ್ಲ" ಅಂದರು. ಪಕ್ಕದಲ್ಲಿ ದ್ರಾಕ್ಷಿ ಪೆಟ್ಟಿಗೆ ಇಳಿಸುತ್ತಿದ್ದ ಇಬ್ಬರನ್ನು ಕರೆದೆ. ಅವರು ಹಿಂದಿನ ಬಂಪರ್ ಹಿಡಿದು ಮಂಚ ಎತ್ತಿದ ಹಾಗೆ ಎತ್ತಿಬಿಟ್ಟರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಷ್ಟು ವರ್ಷ ಜೀಪು, ಲಾರಿ ನೋಡಿದ ಕಣ್ಣಿಗೆ ಅದು ಕಾರು ಅಂತಲೇ ಅನ್ನಿಸಲಿಲ್ಲ.

ಟೀಚರಿಗೆ ಒಂದೇ ಆಸೆ. ಅವರ ಅಣ್ಣನನ್ನು ಬೆಟ್ಟದ ಮೇಲಿನ ಬೋಡಿಮೆಟ್ಟಿಗೆ ಹತ್ತಿಸಬೇಕು. ನಾವೆಲ್ಲ ದೊಡ್ಡಯ್ಯ ಅನ್ನುವ ಆ ಅಣ್ಣ ಒಂದು ಕಾಲದಲ್ಲಿ ರೇಕ್ಳಾ ಓಡಿಸುತ್ತಿದ್ದವರು. ಅಂದರೆ ನಮ್ಮ ಕಡೆಯ ಎತ್ತಿನ ಗಾಡಿ ಪಂದ್ಯ. ತಂಗಿಯನ್ನು ದಿನಾ ಗಾಡಿಯಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಓದಿಸಿದವರೂ ಅವರೇ. ಅವರ ಹೊಲ ಇರುವುದು ಬೋಡಿಮೆಟ್ಟಿನ ಬುಡದಲ್ಲಿ. ಎಂಬತ್ತು ಹತ್ತಿರವಾದರೂ ಒಂದು ಸಲವೂ ಅದನ್ನು ಮೇಲಿಂದ ನೋಡಿಲ್ಲ. ಯಾಕೆಂದರೆ ಬಸ್ಸಾಗಲಿ ಜೀಪಾಗಲಿ, ಹತ್ತಿದರೆ ಘಾಟಿಯ ಮೂರನೇ ತಿರುವಿನಲ್ಲಿ ವಾಂತಿ. ಅದು ಅವರ ವಂಶಕ್ಕೇ ಇರುವ ಕಾಯಿಲೆಯಂತೆ.

"ಮೇಲಿಂದ ಏನು ನೋಡ್ಬೇಕಂತೆ ಟೀಚರ್?"

"ಪಂಗಾಳಿ ನಮ್ಮ ವರಪ್ಪು ಎಷ್ಟು ಉತ್ತಿದ್ದಾನೆ ಅಂತ ನೋಡ್ಬೇಕಂತೆ" ಅಂದರು. ಪಂಗಾಳಿ ಅಂದರೆ ದಾಯಾದಿ, ಚಿಕ್ಕಪ್ಪನ ಮಗ. ವರಪ್ಪು ಅಂದರೆ ಎರಡು ಹೊಲದ ನಡುವಿನ ಬದು. ಗೇಣಗಲದ ಆ ಬದುವಿಗಾಗಿ ಇಬ್ಬರೂ ಮೂವತ್ತು ವರ್ಷದಿಂದ ಮಾತಾಡಿಲ್ಲ.

"ಅಣ್ಣನ ಹೊಟ್ಟೆ ಕಲಕಬಾರ್ದು, ಕಾರು ತಿರುವಿನಲ್ಲಿ ಕಚ್ಚಿ ನಿಲ್ಬೇಕು. ಯಾವ ಸೈಜು ಚಕ್ರ ಹಾಕೋಣ?"

"ಹದಿನೇಳು ಇಂಚು ಟೀಚರ್!" ಅಂದೆ, ಕಣ್ಣು ಮಿಟುಕಿಸುವುದರೊಳಗೆ.

ಟೀಚರ್ ಕನ್ನಡಕ ಕೆಳಗೆ ಸರಿಸಿ ನನ್ನನ್ನು ನೋಡಿದರು. "ಹತ್ತನೇ ಕ್ಲಾಸಲ್ಲೂ ನೀನು ಹಿಂಗೇ. ಪ್ರಶ್ನೆ ಬರೆದು ಮುಗಿಸೋ ಮುಂಚೆ ಕೈ ಎತ್ತುತಿದ್ದೆ."

ಜೀಪಿನ ಕಾಲು

ನನ್ನದೇನು ತಪ್ಪು ಹೇಳಿ. ನಮ್ಮ ಕಣಿವೆಯಲ್ಲಿ ಏಲಕ್ಕಿ ತೋಟಕ್ಕೆ ಜನ ಹೊತ್ತು ಹತ್ತುವ ಜೀಪೇ ದೊಡ್ಡ ಗಾಡಿ. ಟೈರು ದಪ್ಪ ಆದಷ್ಟೂ ಓನರಿನ ಮೀಸೆ ದಪ್ಪ. ಟೀಚರ್ ಬೇಡ ಬೇಡ ಅಂದರೂ, "ಒಂದ್ಸಲ ನೋಡಿ ಟೀಚರ್, ಬೇಡ ಅಂದ್ರೆ ಬಿಚ್ತೀನಿ" ಅಂತ ಹದಿನೇಳಿಂಚಿನ ಅಗಲದ ಚಕ್ರ ಹಾಕಿಯೇ ಬಿಟ್ಟೆ. ಏನು ಚಂದ ಅಂತೀರಿ! ಟೀ ಅಂಗಡಿಯವರೆಲ್ಲ ಬಂದು ಮೊಬೈಲಿನಲ್ಲಿ ಫೋಟೋ ಹಿಡಿದರು.

ಟೀಚರ್ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಬಲಕ್ಕೆ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಅಂತು. ಎಡಕ್ಕೆ ತಿರುಗಿಸಿದರೂ ಅದೇ ಪಾಡು. ನೇರ ಮಾತ್ರ ಚೆನ್ನಾಗಿ ಹೋಗುತ್ತಿತ್ತು, ಆದರೆ ಬೋಡಿಮೆಟ್ಟಿಗೆ ನೇರ ದಾರಿಯನ್ನು ಇನ್ನೂ ಯಾರೂ ಹಾಕಿಲ್ಲ. ಪ್ರತಿ ರೋಡ್ ಹಂಪ್‌ಗೂ ಕಾರು ಕುಕ್ಕಿ ಕುಕ್ಕಿ ಹಾಕಿ, ಘಾಟಿ ಹಾಗಿರಲಿ, ತೇನಿ ದಾಟುವುದರೊಳಗೆ ದೊಡ್ಡಯ್ಯ ಬಾಗಿಲು ತೆಗೆಸಿ ಬೇಲಿ ಹತ್ತಿರ ಬಗ್ಗಿದರು.

ವಾಪಸ್ ಬಂದು ಮುಖ ತೊಳೆದುಕೊಂಡು ಚಕ್ರವನ್ನೊಮ್ಮೆ ಕಾಲಿನಲ್ಲಿ ತಟ್ಟಿದರು. "ಏನ್ಲಾ, ಓಡೋ ಎತ್ತಿಗೆ ಲಾಳ ಕಟ್ಲಾ ಅಂದ್ರೆ ನೊಗಾನೇ ಕಾಲಿಗೆ ಕಟ್ಟಿದ್ದೀಯಲ್ಲ!"

ಮಣ್ಣಿನ ತೂಕ

ಟೀಚರ್ ನೋಟ್ ಪುಸ್ತಕ ತೆಗೆದರು. ಕಾರು ಹಗುರ ಅಂದಮೇಲೆ ಚಕ್ರವೂ ಹಗುರ ಇರಬೇಕು, ಸುತ್ತುವ ತೂಕ ಸುಮ್ಮನೆ ಕೂತ ತೂಕಕ್ಕಿಂತ ಹೆಚ್ಚು ಕಾಡುತ್ತೆ ಅಂತ ವಿವರಿಸಿದರು. ಚಿತ್ರ ಬರೆದು ಹೇಳಿದಾಗ ನನಗೂ ಅರ್ಥವಾಯಿತು. ಹದಿನಾಲ್ಕು ಇಂಚು, ಅಗಲ ಕಮ್ಮಿ. ಹುಡುಕಿಕೊಂಡು ಜೀಪಿನಲ್ಲಿ ದಿಂಡಿಗಲ್ಲಿಗೆ ಹೋದೆವು, ಸಿಗಲಿಲ್ಲ. ಅಲ್ಲಿಂದ ಒಡ್ಡನ್‌ಛತ್ರಕ್ಕೆ ಹೋದಾಗ, ತರಕಾರಿ ಮಾರ್ಕೆಟ್ಟಿನ ಪಕ್ಕದ ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ತರದ ಚಕ್ರ ಸಿಕ್ಕವು. ಒಂದು ಹೊಸದು, ಫಳಫಳ ಅನ್ನುತ್ತಿತ್ತು. ಇನ್ನೊಂದು ಹಳೇದು, ಮೈತುಂಬ ಕಪ್ಪು ಕಿಟ್ಟ. ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ ದೊಡ್ಡಯ್ಯನೂ ನಮ್ಮ ಜೊತೆ ಬಂದಿದ್ದರು.

ಯಾವುದು ಹಗುರ? ಪಕ್ಕದ ಮಂಡಿಯ ತಕ್ಕಡಿಯಲ್ಲಿ, ನುಗ್ಗೇಕಾಯಿ ಕಟ್ಟು ಸರಿಸಿ, ಚಕ್ರ ಇಟ್ಟೆವು. ತೂಕದವನು ಮುಳ್ಳು ನೋಡಿ ಕೂಗಿದ: "ಹೊಸದು ಆರೂವರೆ! ಹಳೇದು ಆರು!"

ಹಳೇದನ್ನೇ ಕಟ್ಟಿಸಿ ಅಂದೆ. ಅಷ್ಟರಲ್ಲಿ ದೊಡ್ಡಯ್ಯ ಬಂದು, ಆ ಕೈಯಲ್ಲೊಂದು ಈ ಕೈಯಲ್ಲೊಂದು ಚಕ್ರ ಎತ್ತಿ, ಕಣ್ಣು ಮುಚ್ಚಿ ನಿಂತರು. "ಹಳೇದೇ ಭಾರ ಕಣಮ್ಮಾ. ಅರ್ಧ ಕಿಲೋ ಜಾಸ್ತಿ."

ಮಂಡಿಯವರೆಲ್ಲ ನಕ್ಕರು. ನಾನೂ ನಕ್ಕೆ. ತಕ್ಕಡಿ ಸುಳ್ಳು ಹೇಳುತ್ತಾ? ಟೀಚರ್ ಮಾತ್ರ ನಗಲಿಲ್ಲ. "ಇನ್ನೊಂದ್ಸಲ ಇಡಿ" ಅಂತ ಹೇಳಿ, ತಾವೇ ಮುಳ್ಳಿನ ಮುಂದೆ ನಿಂತರು. ಹಳೇದು ಏಳು ಕಿಲೋ. ದೊಡ್ಡಯ್ಯ ಹೇಳಿದ ಹಾಗೆ ಸರಿಯಾಗಿ ಅರ್ಧ ಕಿಲೋ ಹೆಚ್ಚು. ನನ್ನ ಮೈ ಜುಂ ಅಂತು. ಪಂದ್ಯದ ಗಾಡಿ ಹಗುರ ಮಾಡೋಕೆ ಚಕ್ರದ ಅರ ಕೆತ್ತಿ ಕೆತ್ತಿ ಎತ್ತಿ ನೋಡಿದ ಕೈ ಅದು, ಐವತ್ತು ವರ್ಷವಾದರೂ ಮರೆತಿರಲಿಲ್ಲ.

"ಏನಪ್ಪಾ, ಏಳಿದ್ದದ್ದು ಆರು ಹೆಂಗಾಯ್ತು?" ಅಂತ ತೂಕದವನನ್ನು ಕೇಳಿದೆ.

ಅವನಿಗೆ ಕೋಪವೇ ಬಂತು. ಸುವರ್ಣಗೆಡ್ಡೆ ತೂಗಿ ತೂಗಿ ಬಂದ ಅಭ್ಯಾಸ. "ಮೈಯೆಲ್ಲ ಮಣ್ಣು ಮೆತ್ಕೊಂಡೈತೆ. ಮಣ್ಣಿಗೆ ಒಂದು ಕಿಲೋ ಕಳೀದೆ ಇರೋಕೆ ನಾನೇನು ಈ ಊರಿಗೆ ಹೊಸಬನಾ?"

ಮೂರು ಪುಟ

ಹೊಸ ಚಕ್ರ ಬಂತು, ಅದಕ್ಕೊಪ್ಪುವ ಸಣ್ಣ ಟೈರೂ ಬಂತು. ಇನ್ನು ಉಳಿದದ್ದು ಗಾಳಿ. ಎಲ್ಲ ಕಾರಿಗೂ ತುಂಬುವ ಹಾಗೆ ಮೂವತ್ತೆರಡು ಪೌಂಡ್ ತುಂಬಿದೆ. ಓಡಿಸಿ ನೋಡಿದ ಟೀಚರ್, "ಕಲ್ಲಿನ ಮೇಲೆ ಕೂತಂಗೈತೆ" ಅಂದರು. ನನ್ನ ಸ್ಟೂಲಿನ ಮೇಲೆ ಕೂತು, ಕಾರಿನ ತೂಕ, ಮುಂದಿನ ಪಾಲು, ಹಿಂದಿನ ಪಾಲು, ತಮ್ಮ ತೂಕ, ಅಣ್ಣನ ತೂಕ ಎಲ್ಲ ಬರೆದು ಮೂರು ಪುಟ ತುಂಬಿಸಿದರು. ಅಷ್ಟೂ ಹೊತ್ತು ದೊಡ್ಡಯ್ಯ ಟೈರ್ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಒತ್ತುತ್ತಾ, "ಇನ್ನೊಂಚೂರು ಬಿಡು... ಬಿಡು... ಪೋದುಂ, ಸಾಕು" ಅಂತ ನನ್ನಿಂದ ಗಾಳಿ ಬಿಡಿಸುತ್ತಿದ್ದರು.

ಟೀಚರ್ ಕೊನೆಯ ಗೆರೆ ಎಳೆದು ತಲೆ ಎತ್ತಿದರು. "ಇಪ್ಪತ್ನಾಲ್ಕು."

ನಾನು ಮೀಟರ್ ಹಾಕಿದೆ. ಇಪ್ಪತ್ನಾಲ್ಕು. ಬೇರೆ ಟೈರಿಗೂ ಹಾಕಿದೆ. ನಾಲ್ಕಕ್ಕೂ ಅಷ್ಟೇ. ಆ ಗಣಿತಕ್ಕೆ ಕೈ ಮುಗಿಯಬೇಕೋ ಆ ಹೆಬ್ಬೆರಳಿಗೆ ಮುಗಿಯಬೇಕೋ ತಿಳಿಯದೆ ಮೀಟರನ್ನೇ ಇನ್ನೊಮ್ಮೆ ತಟ್ಟಿ ನೋಡಿದೆ.

ಟೀಚರ್ ಪುಸ್ತಕ ಮುಚ್ಚಿ ಅಣ್ಣನ ಕಡೆ ನೋಡಿದರು. "ಉತ್ತರ ಸರಿ. ಆದ್ರೆ ದಾರಿ ತೋರಿಸಿಲ್ಲ. ನನ್ನ ಕ್ಲಾಸಲ್ಲಾಗಿದ್ರೆ ಅರ್ಧ ಮಾರ್ಕೇ ಅಣ್ಣ."

ಮೂರನೇ ತಿರುವು

ಹೊರಟ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ನಾನು ಹಿಂದೆ ಜೀಪಿನಲ್ಲಿ. ನನ್ನ ಹತ್ತಿರ ಒಂದು ಡಜನ್ ನಿಂಬೆಹಣ್ಣು, ಒಂದು ಕೊಡ ನೀರು, ಒಂದು ಕಟ್ಟು ಪ್ಲಾಸ್ಟಿಕ್ ಕವರು. ಒಂದನೇ ತಿರುವು ದಾಟಿತು, ಎರಡನೇದೂ ದಾಟಿತು. ಮೂರನೇದಕ್ಕೆ ನಾನೇ ಉಸಿರು ಬಿಗಿಹಿಡಿದೆ. ಪುಟ್ಟ ಕಾರು ಒಳಗಡೆಯ ಅಂಚು ಹಿಡಿದು, ಒಂದಿಷ್ಟೂ ವಾಲದೆ, ನೀರು ಹರಿದಂಗೆ ಸುತ್ತಿ ಹೋಯಿತು. ಕಿಟಕಿಯಾಚೆ ದೊಡ್ಡಯ್ಯನ ಕೈ ಕಾಣುತ್ತಿತ್ತು. ಹಗ್ಗ ಹಿಡಿದವರ ಹಾಗೆ ಬೆರಳು ಮಡಚಿಕೊಂಡು ಎತ್ತು ಓಡಿಸುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮೇಲೆ ಹೋಗಿ ಇಳಿದರು. ವಾಂತಿ ಇಲ್ಲ, ತಲೆಸುತ್ತು ಇಲ್ಲ. ತಡೆಗೋಡೆ ಹಿಡಿದು ಕೆಳಗೆ ನೋಡಿದರು. ಬೋಡಿ ಊರು, ಬೂರುಗದ ತೋಪುಗಳು, ತೆಂಗು, ದೂರದವರೆಗೂ ಹಸಿರು.

"ನಮ್ಮ ಹೊಲ ಯಾವ್ದಮ್ಮಾ?"

ಟೀಚರ್ ಬೆರಳು ತೋರಿಸಿದರು. "ಆ ಕೆರೆ ಪಕ್ಕ ಅಣ್ಣ. ಅಂಗೈಯಷ್ಟಗಲ ಕಾಣ್ತೈತಲ್ಲ, ಅದು."

"ಪಂಗಾಳೀದು?"

"ಅದೂ ಅದ್ರಲ್ಲೇ ಐತೆ."

ದೊಡ್ಡಯ್ಯ ಕಣ್ಣು ಕಿರಿದು ಮಾಡಿದರು, ಕೈ ಅಡ್ಡ ಹಿಡಿದು ನೋಡಿದರು, ಬಗ್ಗಿ ನೋಡಿದರು. "ವರಪ್ಪು ಎಲ್ಲಿ?"

"ಇಲ್ಲಿಂದ ಕಾಣೋದಿಲ್ಲ ಅಣ್ಣ."

ದೊಡ್ಡಯ್ಯ ಗೋಡೆಯ ಮೇಲೆ ಕೂತುಬಿಟ್ಟರು. "ಇದ್ಕಾ ನಾನು ಮೂವತ್ತು ವರ್ಷ ಅವನ ಮಕ ನೋಡ್ದೆ ಇದ್ದದ್ದು?" ಅಂತ ನಗಲು ಶುರುಮಾಡಿದವರು, ಕಣ್ಣೀರು ಒರೆಸಿಕೊಳ್ಳುವವರೆಗೂ ನಕ್ಕರು. ಆಮೇಲೆ, "ಅಮ್ಮಾ, ನಾಳೆ ಅವನ್ನೂ ಕರ್ಕೊಂಡ್ ಬಂದು ತೋರ್ಸು" ಅಂದರು.

ಮಾರನೇ ದಿನ ಟೀಚರ್ ಪಂಗಾಳಿಯನ್ನು ಕೂರಿಸಿಕೊಂಡು ಹತ್ತಿದರು. ಅವರು ನಾಲ್ಕು ಪರೋಟ ತಿಂದು ಬಂದಿದ್ದರು. ನಾನೂ ದೊಡ್ಡಯ್ಯನೂ ಘಾಟಿಯ ಬುಡದ ಟೀ ಅಂಗಡಿಯಲ್ಲಿ ಕಾದೆವು. ಕಾರು ಇಳಿದು ಬಂತು. ಪಂಗಾಳಿ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತಾ ನಿಧಾನವಾಗಿ ಇಳಿದು, ಎದುರಿಗೆ ಬಂದು ನಿಂತರು. ಮೂವತ್ತು ವರ್ಷದ ಮೇಲೆ ಇಬ್ಬರೂ ಮುಖಕ್ಕೆ ಮುಖ.

"ವರಪ್ಪು ಕಾಣ್ಲಿಲ್ಲ ಅಣ್ಣ" ಅಂದರು ಪಂಗಾಳಿ, ಸಣ್ಣ ದನಿಯಲ್ಲಿ.

"ಅದು ಬಿಡು" ಅಂದರು ದೊಡ್ಡಯ್ಯ. "ವಾಂತಿ ಎಷ್ಟನೇ ತಿರುವಲ್ಲಿ?"

"ಮೂರನೇದ್ರಲ್ಲಿ."

ದೊಡ್ಡಯ್ಯನ ಮುಖ ಅರಳಿತು. ಪಂಗಾಳಿಯನ್ನು ಹೆಗಲು ಹಿಡಿದು ಬೆಂಚಿನ ಮೇಲೆ ಕೂರಿಸಿ, ನನ್ನ ಕೈಲಿದ್ದ ನಿಂಬೆಹಣ್ಣೊಂದನ್ನು ಕಿತ್ತುಕೊಂಡು ಅವರ ಕೈಗೆ ಕೊಟ್ಟು, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದರು: "ವರಪ್ಪು ನೀನೇ ಮಡಿಕ್ಕೋ. ಗೆದ್ದೋನು ನಾನು!"