ಬಾಣಂತಿಯ ಮುಲಾಮು

ಬಂದೂಕಿನ ಹಿತ್ತಾಳೆ ತೋಟಾ ಒಂದು ಸಲ ಹಾರಿದ ಮೇಲೆ ಅದರ ಚಿಪ್ಪು ಹಬ್ಬದೂಟ ಉಂಡವನ ಹೊಟ್ಟೆಯ ಹಾಗೆ ಉಬ್ಬಿಬಿಡುತ್ತದೆ. ಮತ್ತೆ ಮದ್ದು ತುಂಬಬೇಕಾದರೆ ಮೊದಲು ಅದನ್ನು ಉಕ್ಕಿನ ಅಚ್ಚಿಗೆ ತೂರಿಸಿ ಹಳೆಯ ಅಳತೆಗೆ ತರಬೇಕು. ಜಿಡ್ಡು ಸವರದೆ ತೂರಿಸಿದಿರೋ, ಅಲ್ಲೇ ಕಚ್ಚಿಕೊಂಡು ಕೂರುತ್ತದೆ.

ಆ ಶುಕ್ರವಾರ ಬೆಳಿಗ್ಗೆ ಆರ್ಲಿನ್ ಸ್ಕಾರ್‌ನ ಅಚ್ಚಿನಲ್ಲಿ ಒಂದು ಚಿಪ್ಪು ಹಾಗೆ ಕೂತಿತು. ಮನೆಯಲ್ಲಿದ್ದ ಜಿಡ್ಡು ಮುಗಿದಿತ್ತು. ಮಾರನೆಯ ದಿನ ಜಿಂಕೆ ಬೇಟೆ ಶುರು. ಸಂಜೆ ಗೆಳೆಯ ಡೆಲ್ಬರ್ಟ್ ಪಿಕಪ್ ತಂದು ಹಾರ್ನ್ ಹೊಡೆಯುತ್ತಾನೆ. ಇಬ್ಬರೂ ಬೆಟ್ಟದ ಮೇಲಿನ ಮರದ ಗುಡಿಸಲಿಗೆ ಹೋಗಿ ಐದು ದಿನ ಇರುತ್ತಾರೆ. ಉಳಿದ ಮುನ್ನೂರ ಅರವತ್ತು ದಿನ ಆರ್ಲಿನ್ ಮೊಂಟಾನಾದ ಆ ಸಣ್ಣ ಊರಿನ ರಸ್ತೆಗಳ ಹಿಮ ಕೆರೆಯುವ ಗಾಡಿಯಲ್ಲಿ ಒಬ್ಬನೇ ಕೂರುತ್ತಿದ್ದ, ಮನೆಗೆ ಬಂದು ಒಬ್ಬನೇ ಉಣ್ಣುತ್ತಿದ್ದ, ರೇಡಿಯೋದಲ್ಲಿ ವಾರ್ತೆ ಓದುವವನು ಶುಭರಾತ್ರಿ ಎಂದರೆ ‘ನಿನಗೂ’ ಎಂದು ಉತ್ತರ ಕೊಟ್ಟು ಮಲಗುತ್ತಿದ್ದ. ಹೆಂಡತಿ ಬಿಟ್ಟುಹೋಗಿ ಮೂವತ್ತು ವರ್ಷವಾಗಿತ್ತು.

ಅಚ್ಚಿಗೆ ಬೇಕಾದದ್ದನ್ನು ಅವನೇ ಬೆರೆಸಿಕೊಳ್ಳುತ್ತಿದ್ದ: ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಒಂದು ಪಾಲು, ಆಲ್ಕೋಹಾಲ್ ಹನ್ನೆರಡು ಪಾಲು. ಆರ್ಲಿನ್ ಔಷಧಿ ಅಂಗಡಿಗೆ ಓಡಿದ. ಅಲ್ಲಿ ಆ ಜಿಡ್ಡು ಸಿಗುತ್ತಿದ್ದದ್ದು ಒಂದೇ ರೂಪದಲ್ಲಿ: ಹಾಲೂಡಿಸುವ ತಾಯಂದಿರ ಮುಲಾಮು. ಟ್ಯೂಬಿನ ಮೇಲೆ ಗುಂಡುಗುಂಡಗಿನ ಮಗುವಿನ ಚಿತ್ರ.

“ಇದ್ದಷ್ಟೂ ಕೊಡು,” ಎಂದ.

ಅಂಗಡಿಯ ವೆರ್ನೆಟಾ ಕನ್ನಡಕ ಮೇಲೇರಿಸಿದಳು. “ಅಷ್ಟೂನಾ? ತುಂಬಾ ಕಷ್ಟ ಆಗಿದ್ಯಾ?”

“ಗಟ್ಟಿಯಾಗಿ ಕಚ್ಕೊಂಬಿಟ್ಟಿದೆ ಕಣೆ. ಎಷ್ಟೆಳೆದ್ರೂ ಬಿಡ್ತಿಲ್ಲ.”

“ಅಯ್ಯೋ ಪಾಪ! ಮೊದಲನೇದಾ?”

“ಈ ವರ್ಷ ಮೊದಲನೇದು,” ಎಂದು ಆರ್ಲಿನ್ ಚೀಲ ಎತ್ತಿಕೊಂಡು ಹೊರಟ. ಅವನು ಗಾಡಿ ಹತ್ತುವ ಮೊದಲೇ ವೆರ್ನೆಟಾಳ ಕೈ ಫೋನಿನ ಮೇಲಿತ್ತು.

ಮನೆಗೆ ಬಂದವನು ಮುಲಾಮನ್ನು ಬಾಟಲಿಗೆ ಹಿಂಡಿ, ಜಿಡ್ಡು ಕರಗಲೆಂದು ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ. ಆಲ್ಕೋಹಾಲ್ ಬೆರೆಸಿ ಕುಲುಕಿದ. ಅರವತ್ತು ಚಿಪ್ಪುಗಳನ್ನು ತಟ್ಟೆಯಲ್ಲಿ ಸಾಲಾಗಿ ಮಲಗಿಸಿ, ಪಿಚಕಾರಿಯಿಂದ ಸಿಂಪಡಿಸಿ, ಒಳಕೋಣೆಯಲ್ಲಿ ಆರಲು ಇಟ್ಟ. ಉಳಿದದ್ದನ್ನು ಮತ್ತೆ ಬಿಸಿನೀರಿಗೆ ಇಳಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಮಾರ್ಲಿಸ್ ಆಲೂಗಡ್ಡೆ-ಮಾಂಸ ಬೇಯಿಸಿದ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಚರ್ಚಿನ ಇಬ್ಬರು ಹೆಂಗಸರು, ಒಂದು ಕೇಕು.

“ಎಲ್ಲಿ?” ಎಂದಳು ಮಾರ್ಲಿಸ್, ಒಳಗೆ ಬರುತ್ತಲೇ.

ತೋಟಾದ ವಿಷಯ ಕೇಳುತ್ತಿದ್ದಾಳೆಂದುಕೊಂಡ ಆರ್ಲಿನ್. “ಒಳಗಿದೆ. ಈಗಷ್ಟೇ ಎಣ್ಣೆ ಹಚ್ಚಿ ಮಲಗ್ಸಿದೀನಿ.”

“ನೀನೇ ಹಚ್ಚಿದ್ಯಾ! ನೋಡ್ರೇ, ಗಂಡಸು ಅಂದ್ರೆ ಹೀಗಿರ್ಬೇಕು.” ಅವಳ ಕಣ್ಣು ಒಲೆಯ ಮೇಲಿನ ಬಾಟಲಿಯತ್ತ ಹೋಯಿತು, ಆಸ್ಪತ್ರೆಯಂಥ ವಾಸನೆಯನ್ನು ಮೆಚ್ಚುಗೆಯಿಂದ ಎಳೆದುಕೊಂಡಳು. “ಮನೇನೂ ಎಷ್ಟು ಶುದ್ಧ ಇಟ್ಟಿದ್ದಾನೆ! ತಾಯಿ ಯಾರಪ್ಪಾ? ನಿನ್ನ ತಂಗಿ ಮಗಳಂತಲ್ಲ?”

ಆರ್ಲಿನ್‌ಗೆ ತಂಗಿಯೇ ಇರಲಿಲ್ಲ. ಆಗ ಅವನಿಗೆ ಎಲ್ಲ ಹೊಳೆಯಿತು. ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಒಬ್ಬಳು ಕಾಫಿಗಿಟ್ಟಾಗಿತ್ತು, ಇನ್ನೊಬ್ಬಳು ಕೇಕು ಕೊಯ್ಯುತ್ತಿದ್ದಳು. ಮೇಜಿನ ಸುತ್ತ ನಾಲ್ಕು ಕುರ್ಚಿ. ನಾಲ್ಕೂ ಒಟ್ಟಿಗೆ ತುಂಬಿದ್ದನ್ನು ಅವನು ಯಾವಾಗ ನೋಡಿದ್ದನೋ ನೆನಪಿಗೇ ಬರಲಿಲ್ಲ.

“ಶ್, ಮೆಲ್ಲಗೆ,” ಎಂದುಬಿಟ್ಟ. “ಎದ್ಬಿಡತ್ತೆ.”

ಒಂದು ಅರ್ಧ ಗಂಟೆ, ಆಮೇಲೆ ನಿಜ ಹೇಳಿದರಾಯಿತು ಎಂದುಕೊಂಡ. ಅರ್ಧ ಗಂಟೆಯಲ್ಲಿ ಇನ್ನೂ ಐದು ಜನ ಬಂದರು. ಉಣ್ಣೆಯ ಕಾಲುಚೀಲ ಬಂತು, ತೊಟ್ಟಿಲು ಬಂತು. ಹಿಮದಲ್ಲಿ ಹೂತಿದ್ದ ಪಾದ್ರಿಯ ಹಸುವನ್ನು ಹಿಮ ಕೆರೆಯುವ ಗಾಡಿಯಿಂದಲೇ ತಳ್ಳಿ ಹೊರತಂದ ಕತೆಯನ್ನು ಆರ್ಲಿನ್ ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ತಾನೂ ನಕ್ಕ. ನಡುವೆ ಫೋನ್ ಹೊಡೆದುಕೊಂಡಿತು. ಅವನ ಕೈಯೆಲ್ಲ ಕೇಕಿನ ಅಂಟು. ಮಾರ್ಲಿಸ್ ಎತ್ತಿ ಏನೋ ಹರಟಿ ಇಟ್ಟಳು. ಆಮೇಲೆ ಎದ್ದು ನಿಂತಳು.

“ಒಂದೇ ಒಂದು ಸಲ ಮುಖ ನೋಡ್ತೀನಿ, ಉಸಿರೂ ಬಿಡಲ್ಲ.”

“ಬೇಡ ಮಾರ್ಲಿಸ್, ಇನ್ನೂ ಆರಿಲ್ಲ—”

ಅವಳು ಬಾಗಿಲು ತೆರೆದಾಗಿತ್ತು. ಒಳಗೆ ಅರವತ್ತು ಹಿತ್ತಾಳೆ ಚಿಪ್ಪುಗಳು ಮಿರಮಿರನೆ ಮಲಗಿದ್ದವು.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಪಾತ್ರೆ ಹುಡುಕಿಕೊಂಡರು. ತೊಟ್ಟಿಲು ತಂದವಳು ಅದನ್ನು ತಿರುಗಿ ಹೊತ್ತುಕೊಂಡು ಹೋದಳು. ಮಾರ್ಲಿಸ್ ಮಾತ್ರ ಹೊಸ್ತಿಲಲ್ಲಿ ನಿಂತು, “ಊಟ ಬೇಕಿದ್ರೆ ಕೇಳ್ಬಾರ್ದಿತ್ತಾ ಆರ್ಲಿನ್?” ಎಂದಳು. ಅವನಿಗೆ ಬೇಕಿದ್ದದ್ದು ಊಟವಲ್ಲ.

ಹೋಗಲಿ, ಸಂಜೆಗೆ ಡೆಲ್ಬರ್ಟ್ ಬರುತ್ತಾನೆ. ಇದನ್ನೆಲ್ಲ ಅವನಿಗೆ ಹೇಳಿ ಐದು ದಿನ ನಗಬಹುದು. ಆರ್ಲಿನ್ ಬೆಳಿಗ್ಗೆ ಕಚ್ಚಿಕೊಂಡಿದ್ದ ಚಿಪ್ಪನ್ನು ಬಿಡಿಸಿ, ಚಿಪ್ಪುಗಳನ್ನೆಲ್ಲ ಅಚ್ಚಿಗಿಳಿಸಿದ. ಜಿಡ್ಡು ಸೊಗಸಾಗಿತ್ತು, ಒಂದೂ ತಡೆಯಲಿಲ್ಲ. ಮದ್ದು ತುಂಬಿ, ಗುಂಡು ಕೂರಿಸಿ, ಹಾಸಿಗೆ ಸುತ್ತಿ, ಬಂದೂಕು ಹಿಡಿದು ಜಗಲಿಯಲ್ಲಿ ಕೂತ. ನಾಲ್ಕಾಯಿತು. ಐದಾಯಿತು. ಹಾರ್ನ್ ಕೇಳಿಸಲಿಲ್ಲ. ಆರಕ್ಕೆ ಒಳಗೆ ಫೋನ್ ಹೊಡೆದುಕೊಂಡಿತು.

“ತಾತ ಆದ್ಯಲ್ಲೋ ಕಳ್ಳ!” ಡೆಲ್ಬರ್ಟ್‌ನ ದನಿ. “ನಿಂಗೊಬ್ಳು ತಂಗಿ ಇದಾಳೇಂತ ನಂಗೇ ಗೊತ್ತಿರ್ಲಿಲ್ಲ, ಒಂದು ಮಾತು ಹೇಳ್ಬಾರ್ದಾ?”

“ಎಲ್ಲಿದೀಯೋ?”

“ಬೆಟ್ಟದ ಬುಡದ ಪೆಟ್ರೋಲ್ ಬಂಕಲ್ಲಿ. ಮಧ್ಯಾಹ್ನ ಫೋನ್ ಮಾಡಿದ್ದೆ, ಮಾರ್ಲಿಸ್ ಎಲ್ಲಾ ಹೇಳಿದ್ಲು. ಮನೇಲಿ ಬಾಣಂತಿ ಇಟ್ಕೊಂಡು ನೀನೆಲ್ಲಿ ಬರ್ತೀಯ? ನಿನ್ನ ಜಾಗಕ್ಕೆ ವೆರ್ನೆಟಾ ಗಂಡನ್ನ ಕರ್ಕೊಂಡು ಆಗ್ಲೇ ಹೊರಟ್ಬಿಟ್ಟೆ.”

“ಡೆಲ್ಬರ್ಟ್, ಇಲ್ಲಿ ಕೇಳು—”

“ನೀನು ಕೇಳು. ಫೋನಲ್ಲಿ ಹಿಂದೆ ಅಷ್ಟೊಂದು ಜನ ನಗ್ತಿದ್ರು, ಅದರಲ್ಲಿ ನಿನ್ನ ನಗೂ ಕೇಳಿಸ್ತು. ನೀನು ಹಾಗೆ ನಕ್ಕಿದ್ದನ್ನ ನಾನು ಎಷ್ಟು ವರ್ಷದಿಂದ ಕೇಳಿಲ್ಲ ಗೊತ್ತಾ? ದಾರಿಯುದ್ದಕ್ಕೂ ಅದನ್ನೇ ನೆನೆಸ್ಕೊಂಡು ಬಂದೆ. ನಿನ್ನನ್ನ ಒಂಟಿಯಾಗಿ ಬಿಟ್ಟು ಹೋಗ್ಬೇಕಲ್ಲಾಂತ ಪ್ರತಿ ವರ್ಷ ಬೆಟ್ಟ ಇಳೀವಾಗ ಅದೇ ಯೋಚ್ನೆ ಕಣೋ. ಈ ವರ್ಷ ಅದಿಲ್ಲ.” ಡೆಲ್ಬರ್ಟ್ ಮೂಗು ಒರೆಸಿಕೊಂಡದ್ದು ಕೇಳಿಸಿತು. “ಅದಿರ್ಲಿ, ಗಂಡೋ ಹೆಣ್ಣೋ?”

ಆರ್ಲಿನ್ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತ.

“ಹೆಣ್ಣು,” ಎಂದ.